ಹತ್ತನೆಯ ಕಾಗದ

ಆ ಬೆಳಿಗ್ಗೆ ಕುರುಗೋಡಿನ ಗುಡ್ಡದಿಂದ ಇಳಿದ ಮಂಜು ಹೊಲದ ಮೇಲೆಯೇ ಕೂತಿತ್ತು. ಬಳ್ಳಾರಿಯ ಮೊದಲ ಬಸ್ಸಿಗೆ ಬಂದ ಕೊಟ್ಟೂರಪ್ಪ ಚಪ್ಪಲಿ ಕಳಚಿ ನಿಂತಾಗ ತೀರಿಹೋದ ಸುಂಕಪ್ಪನ ಅಣ್ಣ ಮಾರೆಣ್ಣ ಇನ್ನೂ ಗುಂಡಿ ತೋಡುತ್ತಿದ್ದ. ಸುತ್ತ ಕೇರಿಯವರು ಐದಾರು ಜನ. ಊರಿನವರು ಒಬ್ಬರೂ ಇರಲಿಲ್ಲ.

“ಯಾರ್ರಿ ನೀವು?”

“ಆರೋಗ್ಯ ಇಲಾಖೆ ಗುಮಾಸ್ತ. ಕೊಟ್ಟೂರಪ್ಪ ಅಂತ.”

“ಅಂತೂ ಸರಕಾರ ಬಂತು ಅನ್ರಿ.” ಮಾರೆಣ್ಣ ಗುದ್ದಲಿ ಊರಿ ನಿಂತ. “ನಾ ಸರಕಾರಿ ಮನಷ್ಯಾ ಅಂತಿದ್ದ ನಮ್ಮ ತಮ್ಮ. ಪಗಾರಿಲ್ಲದ ನೌಕರಿ ಯಾವುದಲೇ ಅಂತ ನಾವು ನಗ್ತಿದ್ವಿ.”

“ಗುಡಿಯಾಗ ಬಸವಣ್ಣ ಕುಂತಾನಲ್ಲ, ಅವಗೇನು ಪಗಾರೈತಾ?” ಎಂದಳು ನೆರೆಮನೆಯ ಜಡೆಮ್ಮ.

ಕೊಟ್ಟೂರಪ್ಪ ನಗಲಿಲ್ಲ. ಅವನ ಜೇಬಿನಲ್ಲಿ ನಾಲ್ಕು ಮಡಿಕೆಯ ಹಳೆಯ ಕಾಗದವೊಂದಿತ್ತು. ಮಣ್ಣು ಮುಚ್ಚುವ ಮೊದಲು ಸುಂಕಪ್ಪನ ಹೆಂಡತಿಗೆ ತನ್ನ ತಪ್ಪು ಹೇಳಿಬಿಡಬೇಕೆಂದು ಬಂದಿದ್ದ.

*

ಹದಿನೈದು ವರ್ಷದ ಹಿಂದೆ, ಅರವತ್ತೊಂಬತ್ತರ ಬೇಸಿಗೆಯಲ್ಲಿ, ಸಿರುಗುಪ್ಪದ ಕಾಲುವೆ ಕಡೆ ಕಾಲರಾ ಎದ್ದು ಈ ಹಳ್ಳಿಗಳವರೆಗೂ ಹಬ್ಬಿತ್ತು. ಆಳು ಸಾಲದೆ ಇಲಾಖೆ ಹತ್ತು ಜನರನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿತು. ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವ ಕೆಲಸ. ಮಳೆಗಾಲದ ಹೊತ್ತಿಗೆ ರೋಗ ಇಳಿಯಿತು; ಹತ್ತೂ ಜನರನ್ನು ಕೆಲಸದಿಂದ ಬಿಡಿಸುವ ಆದೇಶ ಬಂತು. ಒಂಬತ್ತು ಕಾಗದಗಳನ್ನು ಕೊಟ್ಟೂರಪ್ಪ ಹಂಚಿದ. ಹತ್ತನೆಯದು ಕೈಯಲ್ಲಿದ್ದಾಗಲೇ ಸುಂಕಪ್ಪ ಒಗೆದ ಖಾಕಿ ಅಂಗಿ ತೊಟ್ಟು ಆಫೀಸಿನ ಬಾಗಿಲಿಗೆ ಬಂದ.

“ಬುದ್ದೀ, ನಿನ್ನೆ ಊರ ಬಾವಿ ಕಟ್ಟಿ ಹತ್ತಿದ್ನಿರಿ. ಇಷ್ಟು ದಿನ ಊರವರು ನನ್ನ ಕೆಳಗ ನಿಂದ್ರಿಸಿ, ಪುಡಿ ಇಸಗೊಂಡು ತಾವ ಹಾಕ್ತಿದ್ರು. ನಿನ್ನೆ ಗೌಡ್ರ, ‘ಸರಕಾರದೋನು, ಹತ್ತಲಿ ಬಿಡ್ರಿ’ ಅಂದ್ರು. ನಮ್ಮ ಕೇರಿಯಾಗ ನಾನ ಮೊದಲ್ರಿ.”

ಕೊಟ್ಟೂರಪ್ಪ ಕಾಗದವನ್ನು ಮೇಜಿನ ಖಾನೆಗೆ ಸರಿಸಿದ. ನಾಳೆ ಹೇಳಿದರಾಯಿತು.

ಸಂಬಳ ನಿಂತಿತು. ಸುಂಕಪ್ಪ ಒಂದೇ ಸಲ ಕೇಳಿದ. ಮೇಲಿಂದ ಬರಬೇಕು ಎಂದಾಗ ತಲೆಯಾಡಿಸಿ ಹೋದ. ನಸುಕಿನಲ್ಲಿ ಬಾವಿ, ಆಮೇಲೆ ಯಾರದೋ ಹೊಲದಲ್ಲಿ ಕೂಲಿ. ತಿಂಗಳಿಗೊಮ್ಮೆ ಬಂದು ಗೋದಾಮಿನಲ್ಲಿ ಉಳಿದ ಪುಡಿ ಒಯ್ಯುತ್ತಿದ್ದ. ಪ್ರತಿ ಸಲವೂ ಕೊಟ್ಟೂರಪ್ಪ ಖಾನೆಗೆ ಕೈ ಹಾಕಿ, ಬರಿಗೈ ಹೊರಗೆ ತೆಗೆಯುತ್ತಿದ್ದ.

*

ಹೆಣವನ್ನು ಇಳಿಸಿದರು. ಸುಂಕಪ್ಪನ ಹೆಂಡತಿ ಯಂಕಮ್ಮ ಜಾಲಿಯ ಬುಡದಲ್ಲಿ ಒಬ್ಬಳೇ ಕೂತಿದ್ದಳು. ಕೊಟ್ಟೂರಪ್ಪ ಅವಳೆದುರು ಕುಕ್ಕುರುಗಾಲಿನಲ್ಲಿ ಕೂತ.

“ಯಂಕಮ್ಮಾ, ಒಂದು ಮಾತು ಹೇಳಬೇಕಿತ್ತು. ನಿನ್ನ ಗಂಡನ ಕೆಲಸ…”

“ಬಿಡಿಸಿದ್ರು ಅಂತೇನ್ರಿ?”

ಅವನ ಕೈ ಜೇಬಿನಲ್ಲೇ ನಿಂತಿತು.

“ಅವಗ ಗೊತ್ತಿತ್ರಿ. ಜೊತಿಗಿದ್ದ ಹಾಲಸಿದ್ದಪ್ಪ ಆ ವರ್ಷನ ಹೇಳಿದ್ದ. ಇವ ನೋಡಿದ್ರ, ‘ಗುಮಾಸ್ತರು ನನ್ನ ಕೈಗೆ ಕಾಗದ ಕೊಟ್ಟಿಲ್ಲ, ಕೊಡಾತನಕ ನಾ ಕಟ್ಟಿ ಇಳಿಯಂಗಿಲ್ಲ’ ಅಂತಿದ್ದ. ನಿಮ್ಮ ಆಫೀಸಿಗೆ ಹೊಂಟ ದಿನ ಮಾತ್ರ ರೊಟ್ಟಿ ಮುಟ್ಟತಿರಲಿಲ್ಲ. ಇವತ್ತು ಕೊಟ್ಟುಬಿಡ್ತಾರೇನೋ ಅಂತ ಅಂಜಿಕಿ.”

ಕೊಟ್ಟೂರಪ್ಪ ಬರಿಗೈಯನ್ನು ಜೇಬಿನಿಂದ ಹೊರಗೆ ತೆಗೆದ. ಎದ್ದುಹೋಗಿ ಒಂದು ಹಿಡಿ ಮಣ್ಣು ಹಾಕಿದ. ಮಾರೆಣ್ಣ ಗುದ್ದಲಿ ಹೆಗಲಿಗೇರಿಸಿದ; ಒಬ್ಬೊಬ್ಬರಾಗಿ ಎಲ್ಲರೂ ಕೇರಿಯ ಕಡೆ ನಡೆದರು.

ಯಂಕಮ್ಮ ಮಾತ್ರ ನಿಂತಿದ್ದಳು. ಸೆರಗಿನೊಳಗಿನಿಂದ ತೆಂಗಿನ ಚಿಪ್ಪೊಂದನ್ನು ತೆಗೆದಳು.

“ಇದು ಸರಕಾರದ್ದು, ತಗೋರಿ. ಪುಡಿ ಹಾಕಾಕ ನೀವು ಕೊಟ್ಟ ತಗಡಿನ ಅಳತಿ ತುಕ್ಕು ತಿಂದು ಉದುರಿತ್ರಿ. ಅಷ್ಟ ಹಿಡಿಯೋ ಹಂಗ ಇದನ್ನ ಕೆತ್ತಿಕೊಂಡಿದ್ದ. ಮುಟ್ಟಿಸು ಅಂದಿದ್ದ.”

ಕೊಟ್ಟೂರಪ್ಪ ಎರಡೂ ಕೈ ಚಾಚಿದ. ಚಿಪ್ಪಿನ ಒಳಗೆಲ್ಲ ಬಿಳಿಚಿಕೊಂಡಿತ್ತು. ಅಂಚಿನಲ್ಲಿ, ಹೆಬ್ಬೆರಳು ಕೂತು ಕೂತು ಸವೆದ ಒಂದು ಗುಳಿ.