ನೆಂಟರಲ್ಲದ ಒಬ್ಬರು

ಆ ಪಬ್ಬಿಗೆ ಇನ್ನೂರ ಹನ್ನೊಂದು ವರ್ಷ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ದಿನವೂ ಅದು ಗಿರಾಕಿಯಿಲ್ಲದೆ ಕಳೆದಿಲ್ಲ, ಕಳೆಯುವ ಹಾಗೂ ಇಲ್ಲ. ಹಳೆಯ ಪರವಾನಗಿಯಲ್ಲೇ ಹಾಗೆಂದು ಬರೆದಿದೆ. ದಿನಕ್ಕೊಬ್ಬರಾದರೂ, ಸಂಜೆ ಆರರೊಳಗೆ, ಪಬ್ ನಡೆಸುವ ಮನೆಯವರಿಗೆ ರಕ್ತದಿಂದಾಗಲಿ ಮದುವೆಯಿಂದಾಗಲಿ ನೆಂಟರಲ್ಲದವರು ಒಂದು ಮಗ್ ಪೂರ್ತಿ ಕುಡಿದಿರಬೇಕು. ತಪ್ಪಿದರೆ ಪರವಾನಗಿ ರದ್ದು, ಮತ್ತೆ ಜನ್ಮದಲ್ಲಿ ಸಿಗದು. ಯಾವ ಪುಣ್ಯಾತ್ಮ ಇದನ್ನು ಬರೆದನೋ, ಅವನಿಗೆ ನೆಂಟರ ಕಾಟ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ.

ಪಬ್ ನಡೆಸುತ್ತಿದ್ದ ಮುದುಕಿಗೆ ಮಂಡಿ ಕೈಕೊಟ್ಟಾಗ ಅದನ್ನು ವಹಿಸಿಕೊಂಡವರು ಪಕ್ಕದ ಬೀದಿಯ ಒಂದು ತುಂಬು ಕುಟುಂಬದವರು. ಪಬ್ಬಿನ ಹುಚ್ಚು ಮೊದಲು ಹತ್ತಿದ್ದು ಆ ಮನೆಯ ಕಿರಿಸೊಸೆಗೆ. ಹನ್ನೆರಡು ವರ್ಷ ಔಷಧಿ ಕಾರ್ಖಾನೆಯಲ್ಲಿ ಕೊಪ್ಪರಿಗೆಗಳ ಕಾವು ಅಳೆಯುತ್ತಿದ್ದವಳು ಕೆಲಸ ಬಿಟ್ಟು, ಒಂದು ತಿಂಗಳಿಂದ ಪಬ್ಬಿನ ಹಿಂದಿನ ಕೋಣೆ ಸೇರಿ ಬಿಯರ್ ಹುದುಗಿಸಿದ್ದಳು. ಮನೆಯವರೆಲ್ಲ ರುಚಿ ನೋಡಿ ಅಮೃತ ಅಂದರು. ಅವಳಿಗೆ ಕಿಂಚಿತ್ತೂ ಸಮಾಧಾನವಾಗಲಿಲ್ಲ. ಅವಳು ಸೀಯಿಸಿದ ಬ್ರೆಡ್ಡನ್ನೂ ಇದೇ ಜನ ಅಮೃತ ಅಂದಿದ್ದರು. ಹೊರಗಿನವರೊಬ್ಬರು ಬಾಯಾರಿ ಬಂದು, ಕುಡಿದು, ದಾಕ್ಷಿಣ್ಯವಿಲ್ಲದೆ ಒಂದು ಮಾತು ಹೇಳಬೇಕು, ಅದೊಂದೇ ಅವಳ ಆಸೆ.

ಮೊದಲ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಯಾರ ಕಾಲೂ ನೆಲದ ಮೇಲಿರಲಿಲ್ಲ. ಅತ್ತೆ ಹಿತ್ತಾಳೆಯ ನಲ್ಲಿಗಳನ್ನು ಮುಖ ಕಾಣುವ ತನಕ ಉಜ್ಜಿದ್ದರು. ಗಂಡ ಕುಂಟುವ ಮೇಜುಗಳಿಗೆಲ್ಲ ಮರದ ಚೂರು ಕೊಟ್ಟಿದ್ದ. ಹೊಸ ಯಜಮಾನರ ಮೊದಲ ದಿನವಲ್ಲವೇ, ಪರವಾನಗಿ ಕಚೇರಿಯ ಅಧಿಕಾರಿ ಖುದ್ದಾಗಿ ಬಂದು ಮೂಲೆಯ ಮೇಜಿನಲ್ಲಿ ಮುದ್ರೆ ಇಟ್ಟುಕೊಂಡು ಕೂತರು. ಕೆಲಸದಲ್ಲಿರುವಾಗ ತಾವು ಕುಡಿಯುವ ಹಾಗಿಲ್ಲ ಎಂದು ಮೊದಲೇ ಹೇಳಿ ಎಲ್ಲರ ಆಸೆಗೆ ತಣ್ಣೀರೆರಚಿದರು.

ತೊಂದರೆಯೆಲ್ಲ ಮಾವನದು. ಎದುರು ಕೂತವರ ಜನ್ಮ ಜಾಲಾಡಿ, ಮೂರು ನಿಮಿಷದಲ್ಲಿ ಒಂದು ನೆಂಟಸ್ತಿಕೆ ಹೊರಗೆಳೆಯದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗದು. ರೈಲಿನಲ್ಲೂ ಅದೇ, ಆಸ್ಪತ್ರೆಯಲ್ಲೂ ಅದೇ. ಒಮ್ಮೆ ತಮ್ಮ ಜೇಬಿಗೆ ಕೈಹಾಕಿದ ಕಳ್ಳನಲ್ಲೂ ಷಡ್ಡಕನ ತಮ್ಮನನ್ನು ಕಂಡುಹಿಡಿದು ಊಟಕ್ಕೆ ಕರೆತಂದಿದ್ದರು.

ಹತ್ತು ಗಂಟೆಗೆ ಅಂಚೆಯವನು ಬಂದ. ಸೊಸೆ ಮಗ್ ತುಂಬಿಸುವಷ್ಟರಲ್ಲಿ ಮಾವ ಅವನ ಪಕ್ಕ ಹಾಜರು.

"ನಿಮ್ಮಪ್ಪನ ಮನೆ ಕಡೆಯವರು ಯಾರಪ್ಪಾ?"

ಮೂರು ನಿಮಿಷವೂ ಬೇಕಾಗಲಿಲ್ಲ. "ಅಯ್ಯೋ, ನೀನು ನಮ್ಮ ದೊಡ್ಡತ್ತಿಗೆ ಅಣ್ಣನ ಮೊಮ್ಮಗ ಕಣಯ್ಯ. ನನ್ನನ್ನ ತಾತ ಅನ್ಬೇಕು ನೀನು."

ಅಧಿಕಾರಿ ಕಾಗದದ ಮೇಲೆ ಅಡ್ಡಗೆರೆ ಎಳೆದರು. ತಾತ ಸಿಕ್ಕ ಖುಷಿಯಲ್ಲಿ ಅಂಚೆಯವನು ಮಗ್ ಖಾಲಿ ಮಾಡಿ ಸೊಸೆಗೆ, "ತುಂಬಾ ಚೆನ್ನಾಗಿದೆ ಅತ್ತೆ," ಅಂದ. ಸೊಸೆಯ ಲೆಕ್ಕಕ್ಕೆ ಅದು ಬರಲಿಲ್ಲ, ಅವನೂ ನೆಂಟನೇ ಆದನಲ್ಲ.

ಮಧ್ಯಾಹ್ನ ಬಂದ ದಂತವೈದ್ಯೆ ಬೀಗರ ಸೋದರಸೊಸೆಯಾದಳು. ಗಾಜು ಕೂರಿಸುವವನು ಅತ್ತೆಯ ಕಡೆಯಿಂದ ಅಳಿಯನಾದ. ಇಟ್ಟಿಗೆ ಲಾರಿಯ ಚಾಲಕ ತನಗೆ ಹಿಂದೆಮುಂದೆ ಯಾರೂ ಇಲ್ಲ ಎಂದಾಗ ಸೊಸೆಗೆ ಜೀವ ಬಂತು. ಮಾವ ಕಣ್ಣೊರೆಸಿಕೊಂಡು, "ಇನ್ಮೇಲೆ ನೀನು ನನ್ನ ಮಗ," ಅಂದುಬಿಟ್ಟರು. ಅಧಿಕಾರಿ ಪೆನ್ನು ಕಚ್ಚುತ್ತಾ ತುಸು ಯೋಚಿಸಿ ಅದಕ್ಕೂ ಗೆರೆ ಎಳೆದರು.

ಸೊಸೆಗೆ ಅಳುವೂ ನಗುವೂ ಒಟ್ಟಿಗೆ ನುಗ್ಗಿ ಬಂದವು. "ಮಾವ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ. ಇಲ್ಲಾಂದ್ರೆ ಪರವಾನಗಿ ಹೋಗಿ ಈ ಪಬ್ಬು ಗೋದಾಮಾಗತ್ತೆ, ನಾನು ಮತ್ತೆ ಕಾರ್ಖಾನೆ ಬಾಗಿಲಿಗೆ ಹೋಗಿ ನಿಲ್ಬೇಕಾಗತ್ತೆ."

"ನಾನೇನ್ ಮಾಡ್ಲಮ್ಮಾ, ಅವರ ಮುಖದಲ್ಲೇ ಬರೆದಿರತ್ತೆ."

"ಓದ್ಬೇಡಿ."

ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಹಬ್ಬಿಯಾಗಿತ್ತು, ಆ ಪಬ್ಬಿಗೆ ಹೋದರೆ ಹೊಸ ತಾತ ಗಂಟುಬೀಳುತ್ತಾರಂತೆ ಎಂದು. ನಾಲ್ಕು ಹೊಡೆಯಿತು, ಐದು ಹೊಡೆಯಿತು, ಎದ್ದುಹೋಗದೆ ಕೂತಿದ್ದ ಹೊಸ ನೆಂಟರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಗಂಡ ಬೀದಿಯ ತಿರುವಿನಲ್ಲಿ ನಿಂತು, ಹೋಗಿಬರುವವರನ್ನೆಲ್ಲ ತಡೆದು, "ನೀವು ನಮಗೆ ಏನೂ ಆಗಲ್ಲ ತಾನೇ?" ಎಂದು ಕೇಳತೊಡಗಿದ. ಜನ ರಸ್ತೆ ದಾಟಿ ಆಚೆ ಬದಿಗೆ ಓಡಿದರು.

ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಬಾಗಿಲು ದೂಡಿಕೊಂಡು ಒಬ್ಬ ಹೆಂಗಸು ಬಂದಳು. ಕ್ರೇನ್ ಓಡಿಸುವವಳು, ಕಂಕುಳಲ್ಲಿ ಹೆಲ್ಮೆಟ್ಟು, ಹುಬ್ಬಿನ ತನಕ ಸಿಮೆಂಟು. "ಒಂದು ಮಗ್," ಅಂದಳು. ನಗಲಿಲ್ಲ, ನಮಸ್ಕಾರ ಅನ್ನಲಿಲ್ಲ.

ಮಾವ ಅವಳ ಕಿವಿ ನೋಡಿದರು, ಮೂಗು ನೋಡಿದರು. ಕಣ್ಣರಳಿತು, ಬಾಯಿ ತೆರೆಯಿತು. ಸೊಸೆ ಅವರ ಮುಖವನ್ನೇ ದಿಟ್ಟಿಸಿದಳು. ಮಾವ ಮೇಜು ಒರೆಸುವ ಬಟ್ಟೆಯನ್ನು ಉಂಡೆಕಟ್ಟಿ ತಮ್ಮ ಬಾಯಿಗೆ ತಾವೇ ತುರುಕಿಕೊಂಡರು. ಅರವತ್ತೆಂಟು ವರ್ಷದಲ್ಲಿ ಅವರು ಯಾರಿಗೂ ಮಾಡದ ತ್ಯಾಗ ಅದು.

"ಅವರಿಗೇನಾಯ್ತು?" ಕ್ರೇನಿನವಳು ಕೇಳಿದಳು.

"ಹಲ್ಲುನೋವು," ಅಂದರು ಅತ್ತೆ.

ಅವಳು ಕುಡಿದಳು. ಅರ್ಧಕ್ಕೆ ನಿಲ್ಲಿಸಿ ಸುತ್ತ ನೋಡಿದಾಗ ಮನೆಮಂದಿಯೆಲ್ಲ ಒಟ್ಟಿಗೆ ಸೂರು ನೋಡತೊಡಗಿದರು. ಅಧಿಕಾರಿ ಎದ್ದು ಬಂದರು. "ಈ ಮನೆಯವರು ನಿಮಗೇನಾಗಬೇಕಮ್ಮಾ?"

"ಏನೂ ಆಗಬೇಕಾಗಿಲ್ಲ. ಬಾಯಾರಿತ್ತು, ಬಂದೆ." ಉಳಿದದ್ದನ್ನೂ ಎತ್ತಿ ಕುಡಿದು ಮಗ್ ಕುಕ್ಕಿದಳು. ಆರಕ್ಕೆ ನಾಲ್ಕು ನಿಮಿಷ. ಠಪ್ಪೆಂದು ಮುದ್ರೆ ಬಿತ್ತು.

ಆಮೇಲಿನ ಗದ್ದಲ ಕೇಳಬೇಡಿ. ಅತ್ತೆ ಬೆಂಚು ಹತ್ತಿದರು, ತಿರುವಿನಿಂದ ಓಡಿಬಂದ ಗಂಡ ಅಂಚೆಯವನನ್ನೆತ್ತಿ ಗರಗರ ತಿರುಗಿಸಿದ, ಬೆಳಗಿನಿಂದ ಹುಟ್ಟಿಕೊಂಡ ನೆಂಟರೆಲ್ಲ ಒಬ್ಬರನ್ನೊಬ್ಬರು ತಬ್ಬಿದರು. ಮಾವ ಬಾಯಿಂದ ಬಟ್ಟೆ ಕಿತ್ತು, "ಅಮ್ಮಾ, ನಿಮ್ಮ ಅಜ್ಜಿ—" ಎನ್ನುವಷ್ಟರಲ್ಲಿ ಅಧಿಕಾರಿ ಎರಡೂ ಕಿವಿ ಮುಚ್ಚಿಕೊಂಡು ಬೀದಿಗೆ ಧಾವಿಸಿದರು.

ಕ್ರೇನಿನವಳಿಗೆ ಇದು ಯಾವುದೂ ಬೇಕಿರಲಿಲ್ಲ. ತುಟಿ ಒರೆಸಿಕೊಂಡು ಖಾಲಿ ಮಗ್ಗನ್ನು ಸೊಸೆಯ ಕಡೆ ಸರಿಸಿದಳು. ಆ ಗಲಾಟೆಯಲ್ಲಿ ಅವಳ ಮಾತು ಕೇಳಿಸಿದ್ದು ಸೊಸೆಯೊಬ್ಬಳಿಗೇ.

"ಇನ್ನೊಂದು ಕೊಡಿ. ಈ ಸಲ ನೊರೆ ಕಮ್ಮಿ ಇರ್ಲಿ."

ಸೊಸೆಗೆ ಕುಣಿಯಬೇಕೆನ್ನಿಸಿತು. ನೊರೆ ಜಾಸ್ತಿಯಾಯಿತೆಂದು ಒಂದು ತಿಂಗಳಿಂದ ಆ ಮನೆಯಲ್ಲಿ ಒಬ್ಬರೂ ಅವಳಿಗೆ ಹೇಳಿರಲಿಲ್ಲ.