ಕೆಳಮುಖದ ಬೆಲ್ಟು

ನನ್ನ ನೆನಪಿನ ಮೇಲೆ ಅನುಮಾನವೇ? ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದವನು ನಾನೇ, ಒಪ್ಪಿದೆ. ಆದರೆ ಅವತ್ತು ಕ್ರಷರ್ ಯಾಕೆ ನಿಂತಿತೆಂಬುದನ್ನು ಮರೆಯುವಷ್ಟು ಅರಳುಮರಳಾಗಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ಕ್ರಷರ್ ಇರುವುದು ಗುಡ್ಡದ ಮೇಲೆ. ಅದರ ಉಕ್ಕಿನ ದವಡೆ ಕಬ್ಬಿಣದ ಅದಿರಿನ ಬಂಡೆಯನ್ನು ಕಚ್ಚಿ ಅಂಗೈಯಗಲ ಮಾಡುತ್ತದೆ. ಆ ಕಲ್ಲು ಒಂದು ಮೈಲಿ ಬೆಲ್ಟಿನ ಮೇಲೆ ಇಳಿದು, ಕೆಳಗಿನ ಗಿರಣಿಯ ಡ್ರಮ್ಮಿಗೆ ಬಿದ್ದು, ಉಕ್ಕಿನ ಗುಂಡುಗಳ ನಡುವೆ ನುಣ್ಣಗೆ ಹಿಟ್ಟಾಗುತ್ತದೆ. ಮೇಲೆ ಕ್ರಷರ್ ನಡೆಸುವವನು ಗಂಡ. ಕೆಳಗೆ, ಕಲ್ಲು ಡ್ರಮ್ಮಿಗೆ ಬೀಳುವ ಮುಂಚೆ ಮರದ ಚೂರು, ಮುರಿದ ಬೋಲ್ಟು ಆರಿಸಿ ತೆಗೆಯುವವಳು ಹೆಂಡತಿ.

"ನಾನು ಬಂಡೆ ಒಡೆಯೋನು, ನೀನು ಕಸ ಆರಿಸೋಳು" ಎಂದು ಒಂದು ದಿನ ಊಟಕ್ಕೆ ಕೂತಾಗ ಅವನು ಜಂಬ ಕೊಚ್ಚಿದ.

"ಹಾಗಾದ್ರೆ ಹೋಗಿ ಬಂಡೆ ಪಕ್ಕದಲ್ಲೇ ಮಲಗು!"

ಪುಣ್ಯಾತ್ಮ ನಿಜವಾಗಿಯೂ ಗುಡ್ಡ ಹತ್ತಿಬಿಟ್ಟ. ಕ್ರಷರ್ ಪಕ್ಕದ ಶೆಡ್ಡಿನಲ್ಲಿ ಮೂರು ತಿಂಗಳು ಬಿಡಾರ. ಫೋನು ಇಬ್ಬರ ಹತ್ತಿರವೂ ಇತ್ತು. ಮೊದಲು ಮಾಡಿದವರು ಸೋತ ಹಾಗಲ್ಲವೇ! ಅವನ ದಿಂಬಿಗೆ ಹತ್ತಿದ್ದ ಅದಿರಿನ ಕೆಂಪನ್ನು ಒಗೆಯಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ಬೆಲ್ಟಿನ ಮೇಲೆ ಚಪ್ಪಟೆ ಕಲ್ಲೊಂದು ಬಂತು. ಸೀಮೆಸುಣ್ಣದಲ್ಲಿ "ಊಟ ಆಯ್ತಾ?" ಎಂದು ಬರೆದಿತ್ತು. ಓದುವಷ್ಟರಲ್ಲಿ ಡ್ರಮ್ಮಿನ ಪಾಲು. ಮರುದಿನ "ಸೊಂಟ ನೋವು ಹೇಗಿದೆ?" ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಗುಡ್ಡ ಹತ್ತುವ ಕಲ್ಲು ಯಾವುದು? ಖಾಲಿ ತಿರುಗಿ ಹೋಗುವ ಬೆಲ್ಟಿಗೇ ಬರೆದು ನೋಡಿದಳು. ಎರಡನೇ ರೋಲರಿಗೇ ಅಳಿಸಿಹೋಯಿತು.

ಆಮೇಲೆ ನಾಲ್ಕು ದಿನ ಬರಹವಿದ್ದ ಕಲ್ಲಿಲ್ಲ. ಬೆಲ್ಟನ್ನೇ ನೋಡಿ ನೋಡಿ ಅವಳ ಕಣ್ಣು ಉರಿದು ಕೆಂಡವಾಯಿತು. ಐದನೇ ದಿನ ಬಂತು: "ಬರ್ಲಾ?"

ಇದಕ್ಕೂ ಉತ್ತರ ಹೋಗದಿದ್ದರೆ ಬೇಡವೆಂದುಕೊಳ್ಳುತ್ತಾನೆ. ಬೆಲ್ಟಿನುದ್ದಕ್ಕೂ ಒಂದು ಹಗ್ಗವಿರುತ್ತದೆ, ಯಾರದಾದರೂ ಕೈ ಸಿಕ್ಕಿಕೊಂಡರೆ ಎಳೆಯಲಿಕ್ಕೆ. ಬೆಲ್ಟು ನಿಂತರೆ ಮೇಲೆ ಕ್ರಷರೂ ತಾನಾಗಿಯೇ ನಿಲ್ಲುತ್ತದೆ.

ಎಳೆದೇಬಿಟ್ಟಳು.

ಅದಿರಿಲ್ಲದ ಡ್ರಮ್ಮಿನಲ್ಲಿ ಗುಂಡುಗಳು ಗೋಡೆಗೇ ಬಡಿಯತೊಡಗಿದವು. ಗಿರಣಿ ನಡೆಸುವ ಗುಡುಗಪ್ಪ ಎದ್ದುಬಿದ್ದು ಓಡಿಬಂದ.

"ಕೈ ಹೋಯ್ತೇನಮ್ಮ?"

"ಇಲ್ಲಣ್ಣ."

"ಬೆಂಕಿ ಬಿತ್ತಾ?"

"ಇಲ್ಲ. ಮೇಲಿರೋನಿಗೆ ಉತ್ತರ ಕೊಟ್ಟೆ."

"ದೇವರಿಗೆ ಅರ್ಜಿ ಹಾಕೋಕೆ ನನ್ನ ಗಿರಣಿನೇ ಬೇಕಿತ್ತಾ ನಿಂಗೆ!"

ಹನ್ನೊಂದು ನಿಮಿಷದ ಮೇಲೆ ಬೆಲ್ಟು ಮತ್ತೆ ಓಡಿತು. ಬಂದಿದ್ದೆಲ್ಲ ಬರೀ ಕಲ್ಲು. ಅರ್ಥವಾಯಿತೋ ಇಲ್ಲವೋ? ಅವಳು ಕಸ ಆರಿಸುವುದನ್ನೂ ಮರೆತು ಬೆಲ್ಟಿನ ಪಕ್ಕದ ಕಾಲುದಾರಿಯನ್ನೇ ನೋಡುತ್ತ ನಿಂತಳು. ಬಹಳ ಹೊತ್ತಿಗೆ ಅಲ್ಲೊಂದು ಕೆಂಪು ಚುಕ್ಕೆ ಕಾಣಿಸಿತು. ಅದಕ್ಕೆ ಕೈಕಾಲು ಮೂಡುವವರೆಗೆ ರೆಪ್ಪೆ ಬಡಿಯಲಿಲ್ಲ. ಬೈಯಲು ಬರುವ ಮೇಸ್ತ್ರಿಯೂ ಆಗಿರಬಹುದಲ್ಲ!

ಮೇಸ್ತ್ರಿಯಲ್ಲ.

ಇಷ್ಟೇ. ಮುನಿಸಿಕೊಂಡು ಕೂತಿರುವ ಗಂಡಹೆಂಡಿರು ಯಾರಾದರೂ ಗೊತ್ತಿದ್ದರೆ ಇದನ್ನು ಅವರಿಗೂ ಕಳಿಸಿ, ಇಬ್ಬರಿಗೂ ಬೇರೆಬೇರೆಯಾಗಿ.