ಕಾಲುವೆಯ ನೀರು, ಬಾವಿಯ ನೀರು

"ಕುಡುಗೋಲು ಬೀಳಸ್ತೀಯೇನ ಬೋಸಡಿ? ಮುಂಜಾನೆನೇ ಸಿಂದಿ ಕುಡದ ಬಂದಿಯೇನ?"

ಬದುವಿನ ಮೇಲೆ ನಿಂತ ದೇಶಮುಖ ಒದರಿದ. ಹೀರಾಬಾಯಿಯ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಿದರೆ ಏಳಲೊಲ್ಲದು.

"ಕುಡದಿಲ್ಲರಿ ಧಣಿ. ಕೈಯಾಗ ತ್ರಾಣ ಇಲ್ಲ."

"ಅರ್ಧಾ ಕೂಲಿ ಮುರದ್ರ ತ್ರಾಣ ತಾನ ಬರ್ತದ."

ಪಕ್ಕದಲ್ಲಿ ಭತ್ತ ಕೊಯ್ಯುತ್ತಿದ್ದ ಅವಳ ಸೊಸೆ ಶೇವಂತಾಬಾಯಿ ಹಲ್ಲು ಕಚ್ಚಿದಳು.

ಗುಡ್ಡದ ಮೇಲೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ದೇಶಮುಖನ ಭಟ್ಟಿ ಹೊತ್ತಿ ಇದು ಮೂರನೇ ಬೆಳೆ. ಭಟ್ಟಿ ತೊಳೆದ ನೀರೆಲ್ಲ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ಮೊದಲ ಬೆಳೆಗೆ ಭತ್ತದ ಗರಿ ಹಳದಿಯಾಯಿತು. ಎರಡನೆಯದಕ್ಕೆ ಕೇರಿಯವರ ಹೊಟ್ಟೆ ಹಿಂಡತೊಡಗಿತು, ಒಸಡಿನ ಅಂಚಿಗೆ ನೀಲಿ ಗೆರೆ ಬಿತ್ತು. ಮೂರನೆಯದಕ್ಕೆ ಹೀರಾಬಾಯಿಯ ಕೈ ಬಿತ್ತು. ಕೂಲಿಗೆ ಸಿಗುತ್ತಿದ್ದುದು ಅದೇ ಭತ್ತ. ದೇಶಮುಖನ ದೊಡ್ಡಮನೆ, ವಾಡೆಯವರ ಒಸಡು ಮಾತ್ರ ಕೆಂಪಗೇ ಇತ್ತು.

ವಾಡೆಯಲ್ಲಿ ಅಕ್ಕಿ ಹಸನು ಮಾಡುವ ಗುಲಶನಳನ್ನು ಶೇವಂತಾಬಾಯಿ ಅಂದೇ ತಡೆದು ನಿಲ್ಲಿಸಿದಳು.

"ಖರೇ ಹೇಳ, ಧಣ್ಯಾರು ಯಾವ ಅಕ್ಕಿ ಉಣ್ತಾರ?"

ಗುಲಶನ ಹಿಂದೆ ಮುಂದೆ ನೋಡಿದಳು. "ಭಾಲ್ಕಿ ಬಜಾರದ್ದು ಅಕ್ಕಾ. ಭಟ್ಟಿ ಸುರು ಆದಾಗಿಂದ ಈ ಗದ್ದಿದು ಒಂದ ಕಾಳ ಒಳಗ ಬಂದಿಲ್ಲ. ನನ್ನ ಹೆಸರ ಎತ್ತಬ್ಯಾಡ."

ಮರುದಿನವೇ ಶೇವಂತಾಬಾಯಿ ಭಟ್ಟಿಯ ನೀರಿನ ಬಗ್ಗೆ ಬೀದರಿಗೆ ಅರ್ಜಿ ಬರೆಸಿದಳು. ಕೊಯ್ಲು ಮುಗಿಯುವ ಮೊದಲೇ ಸರ್ಕಾರಿ ಜೀಪು ಬಂತು. ಊರು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಉರ್ದು ಬಾರದ ಸಾಹೇಬನನ್ನು ಕೇರಿಯವರು ನೋಡಿದ್ದು ಇದೇ ಮೊದಲು. ಆತ ದೇಶಮುಖನ ಜೊತೆ ವಾಡೆಯಿಂದಲೇ ಜೀಪಿನಲ್ಲಿ ಗದ್ದೆಗೆ ಬಂದ.

"ನೀನೇನಮ್ಮ ಅರ್ಜಿ ಹಾಕ್ಸಿದ್ದು? ನೀರು ತಗೊಂಡಾಯ್ತು. ಪರೀಕ್ಷೆಗೆ ಕಳಿಸ್ತೀವಿ."

"ಎಲ್ಲಿದು ತಗೊಂಡ್ರಿ ಸಾಹೇಬ್ರ?"

"ವಾಡೆ ಬಾವೀದು."

"ಆ ಬಾವಿ ಹಗ್ಗ ನಮ್ಮ ಕೈಗಿ ಯಾರ ಕೊಟ್ಟಾರ್ರಿ? ನಾವು ಕುಡಿಯೋದು ಕಾಲುವಿದು."

"ಹೊಲ್ಯಾರ ಮಾತ ಏನ ಕೇಳ್ತೀರಿ," ದೇಶಮುಖ ನಕ್ಕ. "ನಡೀರಿ, ಊಟ ಆರ್ತದ."

ಶೇವಂತಾಬಾಯಿ ಜೀಪಿನ ಸೀಟಿನ ಮೇಲಿದ್ದ, ಚೀಟಿ ಅಂಟಿಸಿದ ಬಾಟಲಿ ಎತ್ತಿಕೊಂಡು ಒಳಗಿನ ನೀರು ನೆಲಕ್ಕೆ ಸುರಿದಳು. ಕಾಲುವೆಗಿಳಿದು ತುಂಬಿಕೊಂಡು ಬಂದಳು.

"ಏ ರಂಡಿ! ಸರ್ಕಾರಿ ಸಾಮಾನ ಮುಟ್ತೀಯಾ?"

ಅವಳು ದೇಶಮುಖನ ಕಡೆ ತಿರುಗಲಿಲ್ಲ. "ಚೀಟಿ ಮ್ಯಾಲ ಬಾವಿ ಅಂತ ಬರದೀರಿ, ಹೌದಲ್ರಿ ಸಾಹೇಬ್ರ? ಅದನ್ನ ಹೊಡದ ಹಾಕ್ರಿ. ಕಾಲುವಿ ಅಂತ ಬರೀರಿ."

ಸಾಹೇಬ ಬೆವರು ಒರೆಸಿಕೊಂಡು, ಅವಳ ಕೈಲಿದ್ದ ಬಾಟಲಿಯ ಚೀಟಿಯ ಮೇಲೆ ಏನೋ ಗೀಚಿದ. "ಬರೆದೆ ಕಣಮ್ಮ. ಕೊಡು ಇಲ್ಲಿ."

ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಓದು ಬಾರದು. ಏನು ಬರೆದನೋ. ದಾರಿಯಲ್ಲಿ ಇದನ್ನು ಚೆಲ್ಲಿ ಬೇರೆ ತುಂಬಿದರೆ ನೋಡುವವರಾರು?

ಬಾಟಲಿ ಅವಚಿಕೊಂಡು ಜೀಪು ಹತ್ತಿದಳು. ಬದುವಿನ ಮೇಲೆ ನಿಂತಿದ್ದ ಹೀರಾಬಾಯಿಯ ರಟ್ಟೆ ಹಿಡಿದು ಅವಳನ್ನೂ ಎಳೆದುಕೊಂಡಳು.

"ಬೀದರದಾಗ ಓದು ಬರೋರು ಬ್ಯಾರೆ ಮಂದೀನೂ ಇರ್ತಾರ. ಅವರ ಕೈಲೆ ಓದಸ್ತೇನಿ. ನಮ್ಮತ್ತಿ ಕೈನೂ ತೋರಸ್ತೇನಿ. ನಡಸ್ರಿ ಗಾಡಿ."

"ಇಳೀರಿ ಸೂಳೇರ ಕೆಳಗ!"

ಡ್ರೈವರ್ ಸಾಹೇಬನನ್ನು ನೋಡಿದ. ಸಾಹೇಬ ದೇಶಮುಖನನ್ನು ನೋಡಿದ. ಗದ್ದೆಯಲ್ಲಿದ್ದವರು ಒಬ್ಬೊಬ್ಬರಾಗಿ ಕೊಯ್ಲು ಬಿಟ್ಟು, ಕುಡುಗೋಲು ಹಿಡಿದೇ ಮೇಲೆ ಬಂದು, ಜೀಪಿಗೂ ದೇಶಮುಖನಿಗೂ ನಡುವೆ ನಿಂತರು.